ಭೀಮು ಹೇಳಿದ ಆರನೆಯ ಮಾತು

ಡಬ್. ಡಬ್. ಡಬಡಬ.

ಮೊದಲು ಖಾಲಿ ಡಬ್ಬಿಗಳ ಸದ್ದು, ಆಮೇಲೆ ಬೈಕಿನ ಸದ್ದು. ಭಂಕೂರಿನಾಚೆ, ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಫರಸಿ ಖಣಿಯ ನೀರಿನಲ್ಲಿ ಎದೆಮಟ್ಟ ನಿಂತಿದ್ದ ಭೀಮು ಮೇಲೆ ನೋಡದೆಯೇ ಹೇಳಿದ:

"ಬಂದ್ರು ನೋಡು ರೈಟರ್ ಸಾಹೇಬ್ರು. ಇಡೀ ವಾಡಿ ಊರು ಎಬ್ಬಿಸಿಕೊಂಡು ಬಂದಿರ್ತಾರ."

ದಡದ ಬಂಡೆಯ ಮೇಲೆ ಕೂತಿದ್ದ ಅಮೀರ್ ಅಲಿ ನಕ್ಕ. ಶಹಾಬಾದಿನ ಬಜಾರಿನಲ್ಲಿ ಅವನದು ಗಾದಿ ಹೊಲಿಯುವ ಅಂಗಡಿ. ಅರಳೆಯ ಧೂಳು ಕುಡಿದು ಕುಡಿದು ಎದೆ ಕಟ್ಟಿದೆ ಎಂದು ಈಜು ಕಲಿಯಲು ಬರುತ್ತಿದ್ದವನು. ಮೇಲಿನಿಂದ ಇಳಿದು ಬಂದ ಶಂಕರಲಿಂಗನದು ಸೊಂಟದ ಕಾಯಿಲೆ. ಚಿತ್ತಾಪುರದ ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಇಪ್ಪತ್ತು ವರ್ಷದಿಂದ ಬಾಂಡು, ಅರ್ಜಿ ಬರೆಯುತ್ತಿದ್ದ. ಕೂತು ಕೂತು ಸೊಂಟ ಹಿಡಿಯಿತು. ಈಜು ಕಲಿಯಿರಿ ಎಂದು ಡಾಕ್ಟರು ಹೇಳಿದ್ದೇ ತಡ, ಅಡಿಗೆ ಎಣ್ಣೆಯ ಎರಡು ಖಾಲಿ ಡಬ್ಬಿಗಳನ್ನು ಬೆನ್ನಿಗೆ ಹಗ್ಗದಲ್ಲಿ ಬಿಗಿದುಕೊಂಡು, ಮನೆಯಿಂದಲೇ ಹಾಗೆ ಬೈಕ್ ಹತ್ತಿ ಬರತೊಡಗಿದ. ತಿರುಗಿ ಹೋಗುವಾಗಲೂ ಬಿಚ್ಚುತ್ತಿರಲಿಲ್ಲ.

"ಚೆಕ್ ನಾಕಾದಾಗ ಪೊಲೀಸ್ರು ತಡದ್ರು ಮಾಸ್ತರ್. ಡಬ್ಬಿಯೊಳಗ ಏನ್ ಒಯ್ಯಾಕತ್ತೀರಿ ಅಂದ್ರು. ಗಾಳಿ ಅಂದೆ."

"ಗಾಳಿಗೂ ಒಂದು ಪರವಾನಗಿ ಬರ್ದು ಕೊಡಬೇಕಿತ್ತು," ಎಂದ ಅಮೀರ್ ಅಲಿ.

"ಅದನ್ನ ನಿನ್ನ ಹೆಸರೀಲೆ ಬರೀತೀನಿ. ನೀ ಮುಳುಗಿದ ಮ್ಯಾಲೆ."

ಭೀಮು ಶಂಕರಲಿಂಗನ ಬೆನ್ನ ಹಿಂದೆ ನಿಂತು ಹಗ್ಗದ ಗಂಟು ಬಿಚ್ಚಿ ತಾನೇ ಮತ್ತೆ ಕಟ್ಟುತ್ತಿದ್ದ. ಅದು ದೋಣಿಯವರ ಗಂಟು, ನೆನೆದಷ್ಟೂ ಬಿಗಿಯಾಗುವುದು. ಪ್ರತಿ ರವಿವಾರ ಬೆಳಿಗ್ಗೆ ಆ ಬೆನ್ನು ಅವನ ಕೈಕೆಳಗೆ ಸಣ್ಣಗೆ ನಡುಗುತ್ತಿತ್ತು. ಭೀಮು ಅದನ್ನು ಯಾರಿಗೂ ಹೇಳಿರಲಿಲ್ಲ. ನಲವತ್ನಾಲ್ಕು ವರ್ಷದ ಗಂಡಸು ನೀರಿಗೆ ಹೆದರುವುದು ಅವನಿಗೆ ನಗೆಯ ವಿಷಯವಲ್ಲ. ಅಂಥವರಿಗೇ ಅವನು ಈಜು ಕಲಿಸುತ್ತಿದ್ದದ್ದು.

*

ಭೀಮುನ ಮನೆತನ ಕಾಗಿಣಾ ಹೊಳೆಯ ದಂಡೆಯದು. ಅಪ್ಪ, ಅಜ್ಜ, ಮುತ್ತಜ್ಜ ಹೊಳೆ ದಾಟಿಸಿ ಬದುಕಿದವರು. ಸೇತುವೆ ಬಂತು, ಹರಿಗೋಲು ದಡದಲ್ಲಿ ಕವುಚಿ ಬಿದ್ದು ಒಣಗಿತು. ಭೀಮು ಹೆಂಡತಿ ಚಂದಮ್ಮನನ್ನು ಕರೆದುಕೊಂಡು ಭಂಕೂರಿಗೆ ಬಂದು, ಗುರುಲಿಂಗಯ್ಯನವರ ಕಲ್ಲಿನ ಅಡ್ಡೆಯಲ್ಲಿ ಪಾಲಿಶ್ ಮಷಿನ್ ಹಿಡಿದ. ಮೂವತ್ತು ವರ್ಷವಾಯಿತು. ದಿನವಿಡೀ ಕಲ್ಲಿನ ಮೇಲೆ ನೀರು ಬಿಟ್ಟು ಉಜ್ಜುವ ಕೆಲಸ, ಕಿವಿ ಅರ್ಧ ಹೋಗಿದೆ. ಆದರೆ ಹೋಳಿ ಹುಣ್ಣಿಮೆ ಕಳೆದು ಮೊದಲ ಮಳೆ ಬೀಳುವತನಕ, ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಅವನು ಬೇರೆಯೇ ಮನುಷ್ಯ. ಖಣಿಯ ನೀರಿಗಿಳಿದರೆ ಬೆನ್ನು ನೆಟ್ಟಗಾಗುತ್ತಿತ್ತು, ದನಿ ಏರುತ್ತಿತ್ತು. ಸೇಡಂನಿಂದ, ಚಿತ್ತಾಪುರದಿಂದ ಮಾಸ್ತರರು, ಡ್ರೈವರುಗಳು, ಅಂಗಡಿಯವರು ಬರುತ್ತಿದ್ದರು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಲಿತವನು ಕೊನೆಯ ದಿನ ಒಂದು ತೆಂಗಿನಕಾಯಿ ತಂದು ನೀರಿಗೆ ಬಿಡಬೇಕು, ಅಷ್ಟೇ.

"ಸಣ್ಣ ಹುಡುಗ್ರಿಗೆ ಕಲಿಸೋದರಾಗ ಏನದ? ಅವಕ್ಕ ಹೆದರಿಕೆ ಇಲ್ಲ, ಮೀನಿನಂಗ ಹೋಗ್ತಾವ," ಎನ್ನುತ್ತಿದ್ದ. "ನಲವತ್ತು ವರ್ಷ ಹೆದರಿದಾಂವ ತೇಲಬೇಕು ನೋಡು. ಅದು ಕೆಲಸ."

ಮೊದಲ ದಿನ ಅವನು ಯಾರನ್ನೂ ನೀರಿಗೆ ಇಳಿಸುತ್ತಿರಲಿಲ್ಲ. ದಡದಲ್ಲಿ ಕೂರಿಸಿ ಎಂಟು ಮಾತು ಹೇಳುತ್ತಿದ್ದ. ಕಲ್ಲಿನ ಮೇಲೆ ಕೂರುವ ಮೊದಲು ಕೋಲಿನಿಂದ ಮೂರು ಸಲ ಬಡಿ, ಅದರ ಕೆಳಗೆ ಯಾರ ಮನೆಯೋ ಇರುತ್ತದೆ. ಸಂದಿಗೆ ಕೈ ಹಾಕಬೇಡ. ಬಿಚ್ಚಿಟ್ಟ ಬಟ್ಟೆಯನ್ನು ಝಾಡಿಸದೆ ಹಾಕಿಕೊಳ್ಳಬೇಡ, ಚೇಳಿಗೆ ಬೆವರಿನ ತಂಪು ಇಷ್ಟ. ಅತ್ತರು ಪೂಸಿಕೊಂಡು ಬರಬೇಡ. ಬೀಡಿ ಸೇದುವುದಿದ್ದರೆ ಮೇಲೆ, ರಸ್ತೆಯಲ್ಲಿ ಸೇದು. ಹೀಗೆ. ಯಾವ ಮಾತನ್ನೂ ಅವನು ಸುಮ್ಮನೆ ಹೇಳಿರಲಿಲ್ಲ. ಒಂದೊಂದರ ಹಿಂದೆ ಅವನು ಕಣ್ಣಾರೆ ಕಂಡ ಒಂದೊಂದು ಸಾವೋ, ಊದಿದ ಕಾಲೋ ಇತ್ತು. ಎಂಟು ಬೇಸಿಗೆ ಕಲಿಸಿದರೂ ಅವನ ಕೈಯಲ್ಲಿ ಯಾರಿಗೂ ಒಂದು ಚೇಳೂ ಕುಟುಕಿರಲಿಲ್ಲ.

ಆರನೆಯದು ಜೇನಿನ ಮಾತು. ಖಣಿಯ ಪಡುವಣ ಗೋಡೆಯಲ್ಲಿ, ರೊಟ್ಟಿ ಒಟ್ಟಿದಂತೆ ಪದರಪದರವಾಗಿ ನಿಂತ ಕಲ್ಲಿನ ತುದಿಯಲ್ಲಿ, ಬೇಸಿಗೆ ಬಂದರೆ ಐದಾರು ಹೆಜ್ಜೇನುಗೂಡುಗಳು ಜೋತುಬೀಳುತ್ತಿದ್ದವು. ನೀರಿರುವ ಕಡೆ ಜೇನು ಬರುವುದೇ. ಭೀಮು ಅತ್ತ ಬೆರಳು ಮಾಡದೆ ಗದ್ದದಿಂದ ತೋರಿಸಿ ಹೇಳುತ್ತಿದ್ದ: "ಅವು ಎದ್ದ್ರ ಓಡಬ್ಯಾಡ್ರಿ. ಓಡಿದಾಂವನ ಬೆನ್ನ ಹತ್ತತಾವ. ಎಲ್ಲೇ ಇರ್ರಿ, ನೀರಿಗೆ ಬೀಳ್ರಿ. ನೀರು ಕಾಯ್ತದ."

ಹಾಗೆ ಹೇಳಲು ಅವನಿಗೆ ಕಾರಣವಿತ್ತು. ಹನ್ನೆರಡು ವರ್ಷದವನಿದ್ದಾಗ ಹೊಳೆದಂಡೆಯ ಆಲದ ಮರದಿಂದ ಜೇನು ಎದ್ದಿತ್ತು. ಅಪ್ಪ ಅವನ ಜುಟ್ಟು ಹಿಡಿದು ಹೊಳೆಯೊಳಗೆ ಅದ್ದಿದ. ಉಸಿರು ಕಟ್ಟಿ ಮುಳುಗಿದ ಇಬ್ಬರನ್ನೂ ಹೊಳೆ ಎತ್ತಿಕೊಂಡು ಹೋಯಿತು. ಒಂದು ಸಲ ಎದ್ದು ಉಸಿರು ತೆಗೆದುಕೊಂಡರು, ಮತ್ತೆ ಮುಳುಗಿದರು. ಮೂರನೆಯ ಸಲ ತಲೆ ಎತ್ತುವಾಗ ಆಲದ ಮರ ಕಾಣುತ್ತಿರಲಿಲ್ಲ. ತಿರುವಿನಾಚೆ ಜಾಲಿಯ ನೆರಳಿನಲ್ಲಿ ಕೂತು ಅಪ್ಪ ಮಗನ ಕಿವಿಯಿಂದ ಒಂದೇ ಒಂದು ಮುಳ್ಳು ಕಿತ್ತ. ದಂಡೆಯ ಮೇಲೆ ಓಡಿದ ಒಂದು ಎತ್ತು ಸಂಜೆಗೆ ಸತ್ತಿತು. ಆ ದಿನದಿಂದ ಭೀಮುನ ರಕ್ತದಲ್ಲಿ ಆ ಮಾತು ಕೂತಿತ್ತು: ನೀರು ಕಾಯುತ್ತದೆ.

ಅದು ಹೊಳೆಯ ಮಾತು. ಖಣಿಗೆ ಬರುವಾಗ ಅವನು ಅದನ್ನು ಹಾಗೆಯೇ ಹೊತ್ತು ತಂದಿದ್ದ.

*

ಆ ರವಿವಾರ, ಹೋದ ವರ್ಷದ ಏಪ್ರಿಲಿನಲ್ಲಿ, ಶಂಕರಲಿಂಗ ಮೊದಲ ಸಲ ಕೈಬಿಟ್ಟು ಅಂಗಾತ ತೇಲಿದ. ಬೆನ್ನಿಗೆ ಡಬ್ಬಿ ಇತ್ತು ನಿಜ, ಆದರೆ ಭೀಮುನ ಕೈ ಇರಲಿಲ್ಲ. ಕಣ್ಣು ಮುಚ್ಚಿ, ಬಾಯಿ ತೆರೆದು, ಮುಖದ ಮೇಲೆ ಬಿಸಿಲು ಹೊಯ್ದುಕೊಂಡು, ಎಳೆಯ ಮಗುವಿನಂತೆ ಮಲಗಿದ್ದ.

"ಮಾಸ್ತರ್, ಹಿಡ್ಕೊಂಡೀರೋ ಬಿಟ್ಟೀರೋ?"

"ಬಿಟ್ಟು ಭಾಳ ಹೊತ್ತಾತು."

"ಅಂದ್ರ ನಾ ತೇಲಾಕತ್ತೀನಿ?"

"ತೇಲಾಕತ್ತೀರಿ."

"ಉಮಾದೇವಿಗೆ ಹೇಳಬೇಕು," ಎಂದ ಶಂಕರಲಿಂಗ. ಉಮಾದೇವಿ ಅವನ ಹೆಂಡತಿ. "ನಿಮಗ್ಯಾತಕ್ಕ ಈ ವಯಸ್ಸಿನಾಗ ಅಂತಾಳ. ಬರೋ ರವಿವಾರ ಕರಕೊಂಡು ಬಂದು ತೋರಸ್ತೀನಿ."

ಎಂಟೂವರೆಗೆ ಪಾಠ ಮುಗಿಯಿತು. ಶಂಕರಲಿಂಗ, ಅಮೀರ್ ಅಲಿ ಇಬ್ಬರೂ ಲಾರಿಗಳು ಇಳಿಯುತ್ತಿದ್ದ ಇಳಿಜಾರಿನ ದಾರಿ ಹಿಡಿದು ಮೇಲೆ ಹತ್ತಿದರು. ಭೀಮು ತನ್ನ ಪಾಲಿನ ಈಜಿಗೆಂದು ನೀರಿನಲ್ಲೇ ಉಳಿದ. ಬೈಕಿನ ಹತ್ತಿರ ಶಂಕರಲಿಂಗ ಜೇಬಿನಿಂದ ಚಾವಿ ತೆಗೆದದ್ದು, ಬೆನ್ನ ಮೇಲಿನ ಡಬ್ಬಿಗಳು ಬಿಸಿಲಿಗೆ ಮಿಂಚಿದ್ದು ಕೆಳಗಿನಿಂದ ಕಾಣಿಸಿತು.

ಆಗ ಜೇನು ತಿನ್ನುವ ಹದ್ದೊಂದು ಬಂದು ಗೂಡಿಗೆ ಬಡಿಯಿತು. ಅದಕ್ಕದು ಊಟದ ಹೊತ್ತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

ಗೋಡೆಯಿಂದ ಕರಿ ಕಂಬಳಿ ಕಳಚಿದಂತಾಯಿತು. ಒಂದು ಗೂಡು ಎದ್ದಿತು, ಹಿಂದೆಯೇ ಪಕ್ಕದ್ದು, ಅದರ ಪಕ್ಕದ್ದು. ಖಣಿಯ ಮೇಲಿನ ಆಕಾಶ ಗುಂಯ್ ಎಂದು ಕಪ್ಪಾಯಿತು. ಅಮೀರ್ ಅಲಿ ಹೆಗಲ ಮೇಲಿನ ಟವೆಲ್ ತಲೆ ಮುಖಕ್ಕೆ ಸುತ್ತಿಕೊಂಡು, ಕಲ್ಲಿನ ಅಡ್ಡೆಯ ತಗಡಿನ ಶೆಡ್ಡಿನ ಕಡೆ ಓಟ ಕಿತ್ತ. ಶಂಕರಲಿಂಗನೂ ಅವನ ಹಿಂದೆ ನಾಲ್ಕು ಹೆಜ್ಜೆ ಹಾಕಿದ. ಭೀಮು ಅದನ್ನು ನೋಡಿದ. ನಾಲ್ಕು ಹೆಜ್ಜೆ.

"ನೀರಿಗೆ! ಸಾಹೇಬ್ರ, ಓಡಬ್ಯಾಡ್ರಿ! ನೀರಿಗೆ ಬೀಳ್ರಿ!"

ಗೋಡೆಗಳು ಆ ಕೂಗನ್ನು ಎತ್ತಿ ಮೇಲಕ್ಕೆ ಒಯ್ದವು. ಶಂಕರಲಿಂಗ ನಿಂತ. ತಿರುಗಿದ. ಜೀವಮಾನವಿಡೀ ಬರೆದ ಕಾಗದಕ್ಕೆ ಬೆಲೆ ಕೊಟ್ಟು ಬದುಕಿದ ಆ ಮನುಷ್ಯ, ಕೇಳಿದ ಮಾತಿಗೂ ಬೆಲೆ ಕೊಟ್ಟ. ಇಳಿಜಾರಿನಲ್ಲಿ ಓಡೋಡಿ ಬಂದು, ಕಣ್ಣು ಮುಚ್ಚಿ, ಅಷ್ಟು ಹೆದರುತ್ತಿದ್ದ ನೀರಿಗೆ ಹಾರಿದ.

ಡಬ್ಬಿಗಳು ಅವನನ್ನು ಮುಳುಗಗೊಡಲಿಲ್ಲ.

ಭೀಮು ಮುಳುಗಿದ, ಹತ್ತು ಮಾರು ಹೋಗಿ ಎದ್ದ. ಅವು ಅಲ್ಲಿದ್ದವು. ಮತ್ತೆ ಮುಳುಗಿ ಬೇರೆ ಮೂಲೆಗೆ ಹೋಗಿ ಎದ್ದ. ಅಲ್ಲೂ ಇದ್ದವು. ಮೂರನೆಯ ಸಲ ನೀರೊಳಗೆ ಕೈ ಚಾಚಿದಾಗ ಬೆರಳಿಗೆ ಕಲ್ಲಿನ ಗೋಡೆ ತಾಗಿತು. ನಾಲ್ಕು ಕಡೆಯೂ ಗೋಡೆ. ಈ ನೀರು ಎಲ್ಲಿಗೂ ಹೋಗುವುದಿಲ್ಲ. ಎತ್ತಿಕೊಂಡು ಒಯ್ಯುವುದಿಲ್ಲ. ನೀರು ಕಾಯುತ್ತದೆ ಎಂದು ಅವನು ಹೇಳಿದ್ದ. ಕಾಯುತ್ತಿದ್ದದ್ದು ಜೇನು.

ಅವನು ಶಂಕರಲಿಂಗನ ಹತ್ತಿರ ಈಜಿದ. ಅಂಗಾತ ತೇಲುತ್ತಿದ್ದ ಮುಖ ಕಾಣುತ್ತಿರಲಿಲ್ಲ, ಅದರ ಮೇಲೆ ಕಪ್ಪಗೆ ಏನೋ ಅಲುಗಾಡುತ್ತಿತ್ತು. ಕೈಯಿಂದ ಸವರಿದ, ಮತ್ತೆ ತುಂಬಿತು. ಮುಳುಗಿಸೋಣವೆಂದರೆ ಡಬ್ಬಿ ಬಿಡಲಿಲ್ಲ. ಬೆನ್ನ ಹಿಂದಿನ ಗಂಟಿಗೆ ಕೈ ಹಾಕಿದ. ಅವನೇ ಕಟ್ಟಿದ ಗಂಟು, ನೆನೆದು ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿದ. ಬಾಯಿಯೊಳಕ್ಕೇ ನುಗ್ಗಿದವು. ಕೊನೆಗೆ ಅವನನ್ನು ಎಳೆದುಕೊಂಡು ಒಂದು ಬಂಡೆಯ ಚಾಚಿನ ಕೆಳಗೆ ಹೋಗಿ, ತನ್ನ ಮೈಯನ್ನೇ ಅವನ ಮುಖದ ಮೇಲೆ ಕವುಚಿ ಹಿಡಿದ. ಅಡ್ಡೆಯ ಕೆಲಸಗಾರರು ಗೋಣಿಚೀಲ ಹೊದ್ದು, ಜೋಳದ ಕಣಿಕೆ ಸುಟ್ಟು ಹೊಗೆ ಹಾಕಿಕೊಂಡು ಇಳಿದು ಬರುವಾಗ ಮುಕ್ಕಾಲು ತಾಸು ಕಳೆದಿತ್ತು.

ಶಂಕರಲಿಂಗ ಆ ಸಂಜೆ ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡ.

*

ಎರಡು ದಿನದ ನಂತರ ಭೀಮುಗೆ ಕಣ್ಣು ಬಿಡಲು ಆಯಿತು. ಪಕ್ಕದ ಮಂಚದಲ್ಲಿ ಅಮೀರ್ ಅಲಿ ಇದ್ದ. ಮುಖ ತೊಳೆದುಕೊಂಡು ಮನೆಗೆ ಹೊರಡಲು ಕೂತಿದ್ದ. ಸಣ್ಣ ವಯಸ್ಸಿನ ಡಾಕ್ಟರಮ್ಮ ಭೀಮುನ ತಲೆಯಿಂದ ಉಳಿದ ಮುಳ್ಳುಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತ ಗದರಿದಳು:

"ಯಾರ್ರಿ ಹೇಳಿದ್ದು ನಿಮಗ ನೀರಿಗೆ ಬೀಳ್ರಿ ಅಂತ? ಅವು ಮ್ಯಾಲ ಸುತ್ತಕೋತ ಇರ್ತಾವ. ಉಸಿರಿಗೆ ತಲೆ ಎತ್ತಲೇಬೇಕಲ್ಲ? ಮುಖ ಮುಚ್ಕೊಂಡು ಸೀದಾ ಓಡಬೇಕು. ಬಾಗಿಲು ಹಾಕ್ಕೊಳ್ಳೋ ಜಾಗ ಸಿಗೋತನಾ ನಿಲ್ಲಬಾರದು. ಇವರನ್ನ ನೋಡ್ರಿ, ಓಡಿದ್ರು. ಇಪ್ಪತ್ತೆಂಟು ಮುಳ್ಳು. ತೀರಿಕೊಂಡವರ ಮೈಯಾಗ ನಾವು ಎಣಿಸೋದನ್ನೇ ಬಿಟ್ವಿ."

ಭೀಮು ಗೋಡೆಯ ಕಡೆ ತಿರುಗಿದ. ಅಮೀರ್ ಅಲಿ ಅವನ ಬೆನ್ನು ನೋಡಿದ, ಡಾಕ್ಟರಮ್ಮನ ಮುಖ ನೋಡಿದ, ತನ್ನ ಚೀಲ ಎತ್ತಿಕೊಂಡು ಹೊರಟ.

ಊರು ತನ್ನ ಕಥೆಯನ್ನು ತಾನೇ ಕಟ್ಟಿಕೊಂಡಿತು. ಭೀಮು ಮಾಸ್ತರ ತನ್ನ ಮೈಯನ್ನೇ ಚಾದರ ಮಾಡಿ ಹೊದಿಸಿದ. ರೈಟರ್ ಸಾಹೇಬರು ನೀರಿಗೆ ಬೀಳುವುದು ತಡವಾಯಿತು, ಮಾಸ್ತರನ ಮಾತು ಮೊದಲೇ ಕೇಳಿದ್ದರೆ ಬದುಕುತ್ತಿದ್ದರು. ಇನ್ನು ಆ ಅಮೀರ್ ಅಲಿ, ಜೊತೆಗಿದ್ದವನನ್ನು ಬಿಟ್ಟು ಓಡಿದ. ಭೀಮು ಹಾಗಲ್ಲ ಎನ್ನಲಿಲ್ಲ. ಮೊದಲ ವಾರ ಬಾಯಿ ಊದಿತ್ತು. ಎರಡನೆಯ ವಾರ ಯಾರಾದರೂ ಕೇಳಲಿ ಎಂದು ಕಾದ. ಯಾರೂ ಕೇಳಲಿಲ್ಲ. ಆಮೇಲೆ ಹೇಳುವ ಹೊತ್ತು ಮೀರಿಹೋಯಿತು ಅನಿಸಿತು. ಬಾಯಿಗೆ ಬಿದ್ದ ಬೀಗಕ್ಕೆ ಒಂದೊಂದು ದಿನವೂ ಒಂದೊಂದು ಪದರ ತುಕ್ಕು.

ಚಂದಮ್ಮನಿಗೆ ಏನೋ ವಾಸನೆ ಹತ್ತಿತ್ತು. ಒಂದು ಮಧ್ಯಾಹ್ನ ಮುಂದೆ ಬುತ್ತಿ ಬಿಚ್ಚಿಟ್ಟು ಹೇಳಿದಳು: "ಹುಳ ಕಡದ ಬಾವು ಹದಿನೈದು ದಿನಕ್ಕ ಇಳೀತು. ನಿನ್ನ ಮಾರಿ ಮ್ಯಾಲಿಂದು ಇನ್ನಾ ಇಳೀವಲ್ದು. ಏನ್ ನುಂಗೀದಿ?"

"ಏನಿಲ್ಲ. ರೊಟ್ಟಿ ಹಾಕು."

"ರೊಟ್ಟಿ ಹಾಕ್ತೀನಿ. ಅದನ್ನರ ಅಗದು ನುಂಗು."

ದೀಪಾವಳಿಗೆ ಮೊದಲು, ಹೊಸ ಗಾದಿಯ ನೆಪ ಮಾಡಿಕೊಂಡು ಭೀಮು ಶಹಾಬಾದಿಗೆ ಹೋದ. ಅಮೀರ್ ಅಲಿಯ ಅಂಗಡಿಯಲ್ಲಿ ಒಬ್ಬ ಗಿರಾಕಿ ಇದ್ದ. ದಿಂಬು ಕಂಕುಳಲ್ಲಿ ಇಟ್ಟುಕೊಂಡು ಹೊರಡುವಾಗ ಅವನು ಬಜಾರಿಗೆಲ್ಲ ಕೇಳುವಂತೆ ಹೇಳಿದ: "ಅಮೀರ್ ಭಾಯ್, ಗಾದಿ ಹೊಲಿಯೋದು ಬಿಟ್ಟು ಓಟದ ಸಾಲಿ ತೆಗೀರಿ. ನಮ್ಮ ತಾಲೂಕಿಗೆ ಒಂದು ಮೆಡಲ್ ಬರ್ತದ." ಎದುರಿನ ಬಳೆ ಅಂಗಡಿಯವನೂ ನಕ್ಕ. ಅಮೀರ್ ಅಲಿ ತಲೆ ಬಗ್ಗಿಸಿ ದಬ್ಬಣಕ್ಕೆ ದಾರ ಪೋಣಿಸಿದ. ದಾರ ಎರಡು ಸಲ ತಪ್ಪಿತು.

ಗಿರಾಕಿ ಹೋದ ಮೇಲೆ ಭೀಮು ಕೇಳಿದ: "ದಿನಾ ಹಿಂಗೇನು?"

"ದಿನಾ ಅಲ್ಲ ಉಸ್ತಾದ್. ಶುಕ್ರವಾರ ಅಂಗಡಿ ಬಂದ್ ಇರ್ತದ."

"ನೀ ಯಾಕ ಹೇಳಲಿಲ್ಲ? ಅವರೂ ನಿನ್ನ ಹಿಂದ ಬರಾಕತ್ತಿದ್ರು. ನಾ ಕರದೆ. ನಿನಗೂ ಕೇಳಿಸ್ತಲ್ಲ."

"ಕೇಳಿಸ್ತು. ನಾ ಹೇಳಿದ್ರ ಏನಂತಾರ? ಓಡಿ ಬಂದ ಕಳ್ಳ ಈಗ ಮಾಸ್ತರನ ಮ್ಯಾಲ ಹಾಕಾಕತ್ತ್ಯಾನ ಅಂತಾರ." ಅಮೀರ್ ಅಲಿ ದಾರ ಕಚ್ಚಿ ತುಂಡು ಮಾಡಿದ. "ರೈಟರ್ ಸಾಬರ ಮನೀಗೆ ಹೋಗಿದ್ದೆ. ಅವರ ಮನಿಯವರು ಬಾಗಿಲಾಗ ನಿಂತು ನೋಡಿದ್ರು. ಬಾಗಿಲು ಹಾಕ್ಕೊಂಡ್ರು. ಹಾಕ್ಕೊಳ್ಳಲಿ, ಅವರ ಮನಿ ದೀಪ ಆರ್‍ಯದ. ಖರೇ ಮಾತು ನಿನ್ನ ಬಾಯಿಂದ ಬಂದ್ರ ಅದಕ್ಕ ತೂಕ. ಯಾವಾಗ ಹೇಳ್ತಿ, ಆವಾಗ ಹೇಳು. ಅಲ್ಲೀತನಾ ನಾ ತಡೀತೀನಿ."

ಭೀಮು ಗಾದಿಯ ಅಳತೆ ಕೊಡದೆಯೇ ಎದ್ದು ಬಂದ. ದೀಪಾವಳಿ ಹೋಯಿತು, ಎಳ್ಳು ಅಮಾವಾಸ್ಯೆ ಹೋಯಿತು, ಹೋಳಿ ಬಂತು. ಅವನು ಖಣಿಗೆ ಇಳಿಯಲಿಲ್ಲ. ದುಃಖ ಎಂದು ಊರು ಗೌರವದಿಂದ ದಾರಿ ಬಿಟ್ಟಿತು.

*

ಯುಗಾದಿಗೆ ಹತ್ತು ದಿನವಿದ್ದಾಗ ಗುರುಲಿಂಗಯ್ಯನವರು ಮಷಿನ್ ನಿಲ್ಲಿಸಲು ಕೈಸನ್ನೆ ಮಾಡಿ, ಭೀಮುನನ್ನು ಅಡ್ಡೆಯ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಗೋಡೆಗೆ ಆನಿಸಿದ ಆಳೆತ್ತರದ ಒಂದು ಫರಸಿ ಕಲ್ಲು. ಹೋದ ವಾರ ಭೀಮು ತಾನೇ ಕನ್ನಡಿಯಂತೆ ಉಜ್ಜಿಕೊಟ್ಟಿದ್ದ ಕಲ್ಲು ಅದು, ಯಾರದೋ ಗೃಹಪ್ರವೇಶಕ್ಕೆ ಅಂದುಕೊಂಡಿದ್ದ. ಈಗ ಅದರ ತುಂಬ ಅಕ್ಷರ ಕೆತ್ತಿ ಕರಿಬಣ್ಣ ತುಂಬಿದ್ದರು. ಪಕ್ಕದಲ್ಲಿ ಕುರ್ಚಿಯ ಮೇಲೆ ಉಮಾದೇವಿ ಕೂತಿದ್ದಳು. ಬೆಳಗಿನ ಬಸ್ಸಿಗೆ ಚಿತ್ತಾಪುರದಿಂದ ಬಂದಿದ್ದಳು. ಮಡಿಲಲ್ಲಿ ಒಂದು ನೋಟುಬುಕ್ಕು.

"ನಮಸ್ಕಾರ್ರಿ ಅಣ್ಣಾ," ಎಂದಳು. "ಅವರ ಪೆಟಗ್ಯಾಗ ಇದು ಸಿಕ್ಕಿತು. ನೀವು ಹೇಳಿದ್ದನ್ನೆಲ್ಲ ಅವರು ಬರ್ಕೊಂಡಿದ್ರು. ವರ್ಷದ ದಿನ ಖಣಿ ಬಾಯಾಗ ಈ ಕಲ್ಲು ನಿಲ್ಲಸೋಣು ಅಂತ. ಅವರ ಹಂಗ ಇನ್ನೊಬ್ಬರಿಗೆ ಆಗಬಾರದು."

"ಖಣಿ ಜಾಗ ನಂದೇ, ಕಲ್ಲೂ ನಂದೇ," ಎಂದರು ಗುರುಲಿಂಗಯ್ಯ. "ಅಕ್ಷರ ರೈಟರ್ ಸಾಹೇಬರದು, ಮಾತು ನಿಂದು. ಓದೋ ಭೀಮು, ನಿನ್ನ ಹೆಸರು ಮ್ಯಾಲೇ ಹಾಕಸೀನಿ."

ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟ ಭೀಮು ಬೆರಳಿಟ್ಟು ಓದಿದ. 'ಭೀಮು ಮಾಸ್ತರರು ತಿಳಿಸಿದ ಎಂಟು ಮಾತುಗಳು. ಇವನ್ನು ಓದಿ, ಒಪ್ಪಿ, ಪಾಲಿಸತಕ್ಕದ್ದು.' ಬಾಂಡಿನ ಭಾಷೆ. ಆ ಮನುಷ್ಯನ ದನಿ ಕಲ್ಲಿನಿಂದ ಎದ್ದು ಬಂದಂತಾಯಿತು. ಬೆರಳು ಕೆಳಗಿಳಿಯಿತು. ಕಲ್ಲು ಬಡಿಯುವುದು. ಸಂದಿಗೆ ಕೈ. ಬಟ್ಟೆ ಝಾಡಿಸುವುದು. ಅತ್ತರು. ಬೀಡಿ. ಆರನೆಯ ಸಾಲಿಗೆ ಬಂದು ಬೆರಳು ನಿಂತಿತು.

'ಹೆಜ್ಜೇನು ಎದ್ದಾಗ ಓಡತಕ್ಕದ್ದಲ್ಲ. ಎಲ್ಲಿದ್ದರೂ ನೀರಿಗೆ ಬೀಳತಕ್ಕದ್ದು.'

ಅರ್ಧ ಬೆರಳು ಆಳಕ್ಕೆ ಕೆತ್ತಿದ್ದರು. ನೂರು ಮಳೆಗೆ ಹೋಗುವುದಿಲ್ಲ. ಈ ಬೇಸಿಗೆ ಯಾರಾದರೂ ಬರುತ್ತಾರೆ, ಮುಂದಿನ ಬೇಸಿಗೆ ಬರುತ್ತಾರೆ, ತಾನು ಸತ್ತ ಮೇಲೂ ಬರುತ್ತಾರೆ. ಗೂಡು ಇರುತ್ತದೆ, ಹದ್ದು ಬರುತ್ತದೆ, ಯಾರೋ ಒಬ್ಬ ಈ ಸಾಲನ್ನು ನಂಬುತ್ತಾನೆ.

"ಈ ಕಲ್ಲು ನಿಲ್ಲಸಬ್ಯಾಡ್ರಿ," ಎಂದ ಭೀಮು.

"ಯಾಕ? ಅಕ್ಷರ ತಪ್ಪ್ಯಾವೇನು?" ಗುರುಲಿಂಗಯ್ಯ ಕನ್ನಡಕ ಏರಿಸಿದರು.

"ಅಕ್ಷರ ಸರಿ ಅದಾವ. ಮಾತು ತಪ್ಪದ. ಆರನೇದು. ಅದು ಹೊಳೀಗೆ ಖರೇ, ಹರಿಯೋ ನೀರು ಎಳಕೊಂಡು ಹೋಗ್ತದ. ಖಣಿ ನೀರು ಎಲ್ಲಿಗೆ ಹೋಗ್ತದರಿ? ಡಾಕ್ಟರಮ್ಮ ಆಸ್ಪತ್ರ್ಯಾಗೇ ಹೇಳಿದ್ಲು. ನಾ ಒಂದು ವರ್ಷ ಬಾಯಿ ಮುಚ್ಚಿ ಕುಂತೆ."

ಭೀಮು ಉಮಾದೇವಿಯ ಕಡೆ ತಿರುಗಿದ. ಅವಳ ಮುಖ ನೋಡಲು ಆಗದೆ ಮಡಿಲಿನ ನೋಟುಬುಕ್ಕನ್ನು ನೋಡುತ್ತ ಹೇಳಿದ:

"ಅಕ್ಕಾರ, ಅವರು ಮ್ಯಾಲ ಇದ್ರು."

"ಯಾರು?"

"ಸಾಹೇಬ್ರು. ಪಾಠ ಮುಗದಿತ್ತು. ಬೈಕ್ ಹತ್ತರ ನಿಂತಿದ್ರು. ಹುಳ ಎದ್ದ ಕೂಡ್ಲೆ ಅಮೀರ್ ಅಲಿ ಹಿಂದ ಓಡಿದ್ರು. ನಾಕು ಹೆಜ್ಜಿ ಓಡಿದ್ರು. ನಾ ಕೂಗಿ ಕರದೆ. ಅದಕ್ಕ ತಿರುಗಿ ಬಂದು ನೀರಿಗೆ ಬಿದ್ರು."

ಉಮಾದೇವಿಯ ಕೈ ನೋಟುಬುಕ್ಕಿನ ಮೇಲೆ ಬಿಗಿಯಾಯಿತು. ತನಗೆ ತಾನೇ ಹೇಳಿಕೊಳ್ಳುವಂತೆ ಕೇಳಿದಳು: "ಅದಕ್ಕೇನು ಕೈಯಾಗ ಚಾವಿ ಇದ್ದದ್ದು?"

"ಹೌದ್ರಿ."

"ಮುಷ್ಟಿ ಬಿಡಿಸಾಕ ಬರಲಿಲ್ಲ ಅಂದ್ರು ದವಾಖಾನಿಯವ್ರು. ಈಜೋ ಮನಷಾ ಚಾವಿ ಯಾಕ ಹಿಡಕೊಂಡಿದ್ದ ಅಂತ ವರ್ಷ ಆತು ಯೋಚನಿ ಮಾಡಾಕತ್ತೀನಿ." ಅವಳು ಅಳಲಿಲ್ಲ. ಅತ್ತಿದ್ದರೆ ಭೀಮುಗೆ ನಿಲ್ಲಲು ಸುಲಭವಾಗುತ್ತಿತ್ತು. "ಕರೀದೆ ಇದ್ರ ಹೋಗತಿದ್ರು."

"ಹೋಗತಿದ್ರು."

"ಅಮೀರ್ ಭಾಯಿ ಬಾಗಿಲಿಗೆ ಬಂದಿದ್ರು. ಬಿಸಿಲಾಗ ನಿಂತಿದ್ರು. ಒಂದು ತಂಬಿಗಿ ನೀರು ಕೊಡಲಿಲ್ಲ ನಾ."

ಗುರುಲಿಂಗಯ್ಯನವರು ಭೀಮುನ ಹೆಗಲ ಮೇಲೆ ಕೈಯಿಟ್ಟರು. "ಲೇ, ನೀ ಏನ್ ಬೇಕಂತ ಮಾಡೀದೇನು? ಒಳ್ಳೇದಕ್ಕ ಕರದಿ. ಅವರ ಹಣೆಬರಹ ಅಷ್ಟೇ ಇತ್ತು. ಈಗ ಇದನ್ನ ಊರ ಮುಂದ ಹಾಕಿ ಏನ್ ಸಾಧಸ್ತಿ? ಅಕ್ಕಾರಿಗೆ ಹೇಳಿದಿ, ಮನಸು ಹಗುರಾತು. ನಮ್ಮ ಮೂರು ಮಂದ್ಯಾಗ ಇರಲಿ. ಈ ಆರನೇ ಸಾಲು ಕೆರಸಿ ಬಿಡ್ತೀನಿ, ಉಳಿದ ಏಳು ಮಾತು ಖರೇ ಅದಾವಲ್ಲ?"

"ಸಾಲು ಕೆರಸಿದ್ರ ಸಾಲದ್ರಿ ಅಯ್ಯಾರ. ಅಲ್ಲೇ ಬರಸ್ರಿ. ಮುಖ ಮುಚ್ಕೊಂಡು ಓಡ್ರಿ, ಬಾಗಿಲು ಇದ್ದ ಕಡೆ ಹೊಕ್ಕೊಳ್ರಿ, ನೀರಿಗೆ ಬೀಳಬ್ಯಾಡ್ರಿ ಅಂತ."

"ಆಗಲಿ, ಬರಸ್ತೀನಿ. ನೀ ಮಾತ್ರ ಬಾಯಿ..."

"ನಮ್ಮ ಮೂರು ಮಂದ್ಯಾಗ ಅಂದ್ರ?" ಎಂದಳು ಉಮಾದೇವಿ. ಅವಳು ಕುರ್ಚಿಯಿಂದ ಎದ್ದಿದ್ದಳು. ದನಿ ಏರಿಸಲಿಲ್ಲ. "ಅಣ್ಣಾ, ನನಗ ಹೇಳಿದ್ರಿ. ನಾ ನಿಮ್ಮನ್ನ ಕ್ಷಮಾ ಮಾಡ್ತೀನೋ ಇಲ್ಲೋ, ಅದು ನನಗ ಇವತ್ತು ಗೊತ್ತಿಲ್ಲ. ಕೇಳಬ್ಯಾಡ್ರಿ. ಆದ್ರ ಅಮೀರ್ ಭಾಯಿನ್ನ ನೋಡಿ ನಗೋ ಮಂದಿ ಇಲ್ಲಿ ಇಲ್ಲಲ್ಲ? ಅವರು ಶಹಾಬಾದದ ಬಜಾರನ್ಯಾಗ ಇದ್ದಾರ."

ಭೀಮು ತಲೆಯಾಡಿಸಿದ. ಕಲ್ಲು ಉಜ್ಜುವಾಗ ಮೈಗೆ ಸಿಡಿದ ಹಾಲಿನಂಥ ಕೆಸರು ಒಣಗಿ ಬೆಳ್ಳಗೆ ಪುಡಿಯಾಗಿತ್ತು. ನಳಕ್ಕೆ ಹೋಗಿ ತೊಳೆದುಕೊಳ್ಳಲಿಲ್ಲ. ಗೋಡೆಯ ಬದಿಗೆ ಬಿಟ್ಟಿದ್ದ ಚಪ್ಪಲಿಯನ್ನು ನೆಲಕ್ಕೆ ಬಡಿದು, ತಿರುವಿ ನೋಡಿ, ಮೆಟ್ಟಿಕೊಂಡ.

"ಎಲ್ಲಿಗೆ ಹೊಂ‌ಟಿ?" ಗುರುಲಿಂಗಯ್ಯ ಕೇಳಿದರು. "ಹನ್ನೆರಡು ಗಂಟೆ ಬಿಸಿಲು ಮಾರಾಯ. ಬಜಾರ್ ತುಂಬಿರ್ತದ ಇವತ್ತು, ಸಂತಿ ದಿನ. ಅಷ್ಟು ಮಂದಿ ಮುಂದ ಏನ್ ಅಂತ ಹೇಳ್ತಿ? ಲೇ ಭೀಮು, ಮೊದಲು ಚಾ ಕುಡಿ, ಕುಂದರು, ಹ್ಯಾಂಗ ಹೇಳಬೇಕು ಅಂತ ನಾವು ಕೂಡಿ ವಿಚಾರ ಮಾಡಮು. ನಾಳೆ ನಿನ್ನ ಹತ್ತರ ಯಾರು ಈಜು ಕಲೀಲಿಕ್ಕೆ..."

ಭೀಮು ಅಡ್ಡೆಯ ಗೇಟು ದಾಟಿ, ಶಹಾಬಾದದ ರಸ್ತೆ ಹಿಡಿದಿದ್ದ.